ಪರದೇಶದ ಬಾಲ್ಕನಿಯಲ್ಲಿ ನಮ್ಮೂರ ಗಿಡ

ಹೊಸಪೇಟೆ, ಕಂಪ್ಲಿ, ಸಂಡೂರಿನ ಮನೆಗಳಲ್ಲಿ ರಜೆ ಮುಗಿಸಿ ಪರದೇಶಕ್ಕೆ ಹೊರಟು ನಿಂತವರ ಸೂಟ್‌ಕೇಸಿನಲ್ಲಿ ಏನೇನಿರುತ್ತದೆ ಎಂಬುದು ನಮಗೆಲ್ಲ ಗೊತ್ತು. ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ, ಉಪ್ಪಿನಕಾಯಿಯ ಡಬ್ಬಿ. ಇವುಗಳ ಸಂದಿಯಲ್ಲಿ ಇನ್ನೊಂದು ಪೊಟ್ಟಣವೂ ಸೇರಿಕೊಳ್ಳುವುದುಂಟು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಕರಿಬೇವಿನ ಸಸಿ, ಮಲ್ಲಿಗೆಯ ಬಳ್ಳಿ, ಇಲ್ಲವೇ ಅಮ್ಮಿ ಹಿತ್ತಲಿನಿಂದ ಅಗೆದುಕೊಟ್ಟ ಬಾಳೆಕಂದು. ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹಿಡಿ ಊರಿನ ಮಣ್ಣು. ಹತ್ತನೆಯ ಮಹಡಿಯ ಬಾಲ್ಕನಿಯಲ್ಲಿ ಊರಿನದೊಂದು ಎಲೆಯಾದರೂ ಚಿಗುರಲಿ ಎಂಬ ಆಸೆ ಅದರ ಹಿಂದಿದೆ. ಆ ಆಸೆ ನಮಗೆ ಅರ್ಥವಾಗುತ್ತದೆ. ಒಬ್ಬ ನೆಟ್ಟ ಗಿಡದಿಂದ ಮನುಷ್ಯ, ಹಕ್ಕಿ, ಪ್ರಾಣಿ ಯಾವುದು ತಿಂದರೂ ನೆಟ್ಟವನ ಪಾಲಿಗೆ ಅದು ದಾನವಾಗುತ್ತದೆ ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಜುಮಾ ಖುತ್ಬಾಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಆದ್ದರಿಂದ ಪರದೇಶದಲ್ಲಿದ್ದರೂ ಗಿಡ ಬೆಳೆಸಬೇಕು ಎನ್ನುವುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಆ ಸೂಟ್‌ಕೇಸಿನ ಪೊಟ್ಟಣದ ಬಗ್ಗೆ ಮಾತ್ರ ನಮ್ಮ ತಕರಾರಿದೆ. ಅದನ್ನು ಇಲ್ಲೇ ಬಿಟ್ಟು ಹೋಗಿ. ಗಿಡವನ್ನು ಅಲ್ಲೇ ಹುಡುಕಿಕೊಳ್ಳಿ.

ಯಾಕೆಂದರೆ ಗಿಡ ಒಂಟಿಯಾಗಿ ಪ್ರಯಾಣ ಮಾಡುವುದಿಲ್ಲ. ಅದರ ಬೇರಿನಲ್ಲಿ, ಕಾಂಡದ ಒಳಗೆ, ಎಲೆಯ ಕೆಳಗೆ ಕಣ್ಣಿಗೆ ಕಾಣದ ಸಹಪ್ರಯಾಣಿಕರಿರುತ್ತಾರೆ.

ಇದಕ್ಕೆ ಕೊಲ್ಲಿಯಲ್ಲೇ ಒಂದು ದೊಡ್ಡ ಸಾಕ್ಷಿಯಿದೆ. ನಮ್ಮ ತೆಂಗಿನ ತೋಟದವರು ಕೆಂಪು ಮೂತಿ ಹುಳುವನ್ನು ಚೆನ್ನಾಗಿ ಬಲ್ಲರು. ಅದು ದಕ್ಷಿಣ ಏಷ್ಯಾದ ಹುಳು. ಮರಕ್ಕೆ ಗಾಯವಾದ ಕಡೆ ಹೆಣ್ಣು ಹುಳು ಮೊಟ್ಟೆ ಇಡುತ್ತದೆ. ಮರಿಗಳು ಕಾಂಡದೊಳಗೆ ಸುರಂಗ ಕೊರೆದು ತಿನ್ನುತ್ತಾ ಹೋಗುತ್ತವೆ. ಹೊರಗಿನಿಂದ ನೋಡಿದರೆ ಮರ ಗಟ್ಟಿಯಾಗಿಯೇ ಕಾಣುತ್ತದೆ. ಸುಳಿ ಬಾಗಿದಾಗ ಗೊತ್ತಾಗುತ್ತದೆ, ಅಷ್ಟರಲ್ಲಿ ಒಳಗೆಲ್ಲ ಟೊಳ್ಳು. ಈ ಹುಳು 1980ರ ದಶಕದ ಮಧ್ಯಭಾಗದಲ್ಲಿ ಅರಬ್ ದೇಶಗಳಲ್ಲಿ ಕಾಣಿಸಿಕೊಂಡಿತು. ಅಲ್ಲಿ ತೆಂಗಿರಲಿಲ್ಲ, ಖರ್ಜೂರವಿತ್ತು. ಹುಳುವಿಗೆ ಅಷ್ಟೇ ಸಾಕಾಯಿತು. ಮುಂದಿನ ಹತ್ತು ವರ್ಷಗಳೊಳಗೆ ಅದು ಈಜಿಪ್ಟ್ ದಾಟಿ ಸ್ಪೇನಿನವರೆಗೂ ಹೋಯಿತು. ರೆಕ್ಕೆಯ ಬಲದಿಂದ ಅದು ಅಷ್ಟು ದೂರ ಹೋದದ್ದಲ್ಲ. ಹುಳು ಹೊಕ್ಕಿದ್ದ ಮರಗಳನ್ನೂ ಮರಿಗಿಡಗಳನ್ನೂ ಜನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದ್ದರಿಂದ ಹೋಯಿತು. ಇವತ್ತಿಗೂ ಕೊಲ್ಲಿಯ ಖರ್ಜೂರ ಬೆಳೆಗಾರರ ಮುಖ್ಯ ಶತ್ರು ಅದೇ. ರಮಝಾನಿನಲ್ಲಿ ನಾವು ಉಪವಾಸ ಬಿಡುವ ಹಣ್ಣಿನ ಮರವನ್ನು ಕೊರೆಯುತ್ತಿರುವುದು ನಮ್ಮ ಕಡೆಯ ಹುಳು.

ಕರಿಬೇವಿನ ಕಥೆಯೂ ಹೀಗೇ. ಒಗ್ಗರಣೆಗೆ ಹಾಕುವ ನಾಲ್ಕು ಎಲೆಗೂ ಇಷ್ಟೊಂದು ಕಟ್ಟುಪಾಡೇ ಎಂದು ಅಮೆರಿಕದಲ್ಲಿರುವ ನಮ್ಮವರು ಗೊಣಗುತ್ತಾರೆ. ಅಲ್ಲಿ ಪ್ರಯಾಣಿಕರು ಹಸಿ ಕರಿಬೇವು ತರುವಂತಿಲ್ಲ. ಕಾರಣ ಸಿಲ್ಲಿಡ್ ಎಂಬ ಪುಟ್ಟ ಕೀಟ. ಅದು ನಿಂಬೆ, ಕಿತ್ತಳೆಯ ಮೇಲೆ ಹೇಗೋ ಅವುಗಳ ಬಳಗಕ್ಕೇ ಸೇರಿದ ಕರಿಬೇವಿನ ಮೇಲೂ ಹಾಗೇ ಬದುಕುತ್ತದೆ. ಕಿತ್ತಳೆ ಮರಗಳನ್ನು ಹಳದಿಯಾಗಿಸಿ ಕೊಲ್ಲುವ ಗ್ರೀನಿಂಗ್ ರೋಗವನ್ನು ಮರದಿಂದ ಮರಕ್ಕೆ ಹೊತ್ತೊಯ್ಯುವುದು ಇದೇ ಕೀಟ. ಫ್ಲಾರಿಡಾದಲ್ಲಿ ಕೀಟ 1998ರಲ್ಲಿ ಕಂಡಿತು, ರೋಗ 2005ರಲ್ಲಿ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಆ ರಾಜ್ಯದ ಕಿತ್ತಳೆ ಬೆಳೆ ಹಿಂದಿದ್ದುದರ ಹತ್ತನೇ ಒಂದು ಪಾಲಿಗೂ ಕಡಿಮೆಯಾಯಿತು. ಚಂಡಮಾರುತಗಳದ್ದೂ ಅದರಲ್ಲಿ ಪಾಲಿದೆ, ಆದರೆ ಹೆಚ್ಚಿನ ಪಾಲು ಈ ರೋಗದ್ದೇ. ತೋಟ ಕಳೆದುಕೊಂಡವರಲ್ಲಿ ನಮ್ಮ ಹಾಗೆಯೇ ಮಕ್ಕಳು ಮರಿ ಇರುವ ಕುಟುಂಬದವರೂ ಇದ್ದಾರಲ್ಲವೇ? ವಿಮಾನ ನಿಲ್ದಾಣದ ಅಧಿಕಾರಿ ಕರಿಬೇವಿನ ಕಟ್ಟನ್ನು ಕಸದ ಬುಟ್ಟಿಗೆ ಹಾಕುವಾಗ ನಮಗೆ ಸಿಟ್ಟು ಬರುವುದು ಸಹಜ. ಆದರೆ ಅವನು ಕಾಯುತ್ತಿರುವುದು ಇನ್ಯಾರದೋ ಅನ್ನವನ್ನು.

ಮಣ್ಣಿನ ವಿಷಯ ಇದಕ್ಕಿಂತ ಸೂಕ್ಷ್ಮ. ಸಂಡೂರಿನ ಕೆಂಪು ಮಣ್ಣು, ಕಂಪ್ಲಿಯ ಗದ್ದೆಯ ಕಪ್ಪು ಮಣ್ಣು ನಮಗೆ ಪ್ರೀತಿಯವು ನಿಜ. ಆದರೂ ಹೆಚ್ಚಿನ ದೇಶಗಳು ಹೊರಗಿನ ಮಣ್ಣನ್ನು ಒಳಗೆ ಬಿಡುವುದಿಲ್ಲ. ನಮ್ಮ ದೇಶವೂ ಬಿಡುವುದಿಲ್ಲ. ಬಾಳೆಯ ಪನಾಮಾ ಸೊರಗು ರೋಗವನ್ನೇ ತೆಗೆದುಕೊಳ್ಳಿ. ಅದರ ಶಿಲೀಂಧ್ರ ಒಮ್ಮೆ ಮಣ್ಣಿಗೆ ಇಳಿದರೆ ಬಾಳೆಯೇ ಇಲ್ಲದಿದ್ದರೂ ದಶಕಗಳ ಕಾಲ ಅಲ್ಲೇ ಜೀವ ಹಿಡಿದುಕೊಂಡಿರುತ್ತದೆ. ಔಷಧಿ ಹೊಡೆದು ಅದನ್ನು ತೊಲಗಿಸಲಾಗದು. ಅದರ ಅತಿ ಕೆಟ್ಟ ತಳಿ ಟಿಆರ್4 ಓಮನ್ ಮತ್ತು ಜೋರ್ಡಾನ್‌ನಲ್ಲಿ ಪತ್ತೆಯಾಗಿದೆ. ಉತ್ತರ ಭಾರತದ ಬಿಹಾರಕ್ಕೂ ಬಂದಿದೆ. ಅದು ಬೂಟಿಗೆ ಅಂಟಿದ ಕೆಸರಿನಲ್ಲಿ, ಬಾಳೆಕಂದಿನ ಬುಡದ ಮಣ್ಣಿನಲ್ಲಿ ಹೋಗುತ್ತದೆ, ಹಾಗೆಯೇ ಬರುತ್ತದೆ. ಹಂಪಿಯಿಂದ ಕಂಪ್ಲಿಯವರೆಗೆ ಕಾಲುವೆಯ ಬದಿಯಲ್ಲಿ ಏಲಕ್ಕಿ, ಸುಗಂಧಿ ಬಾಳೆಯನ್ನೇ ನಂಬಿದ ಎಷ್ಟು ಮನೆಗಳಿವೆ! ವಿಜಯನಗರದ ಅರಸರು ತೋಡಿಸಿದ ತುರ್ತು ಕಾಲುವೆಯ ನೀರು ಇಂದಿಗೂ ಆ ತೋಟಗಳಿಗೆ ಹರಿಯುತ್ತಿದೆ. ಐನೂರು ವರ್ಷ ನಡೆದು ಬಂದ ಆ ಬೇಸಾಯಕ್ಕೆ ರಜೆಗೆ ಬಂದವನ ಚಪ್ಪಲಿಯ ಮಣ್ಣು ಅಪಾಯ ತರಬಹುದು ಎಂದರೆ ಅತಿಶಯವೆನಿಸಬಹುದು, ಆದರೆ ರೋಗಗಳು ಹರಡಿದ ಬಗೆ ಹಾಗೆಯೇ ಇದೆ.

ಕಾನೂನಿನ ದಾರಿ ಇಲ್ಲವೆಂದಲ್ಲ. ಗಿಡ ಒಯ್ಯಲೇಬೇಕೆಂದಿದ್ದರೆ ಎರಡು ಕಾಗದ ಬೇಕು. ಒಂದು, ಹೋಗುವ ದೇಶದ ಆಮದು ಅನುಮತಿ. ಯುಎಇಯಲ್ಲಾದರೆ ಅದನ್ನು ನೋಡಿಕೊಳ್ಳುವುದು ಅಲ್ಲಿನ ಹವಾಮಾನ ಬದಲಾವಣೆ ಮತ್ತು ಪರಿಸರ ಸಚಿವಾಲಯ. ಇನ್ನೊಂದು, ಭಾರತ ಸರ್ಕಾರದ ಸಸ್ಯ ಸಂಗರೋಧ ಕೇಂದ್ರ ಗಿಡವನ್ನು ಪರೀಕ್ಷಿಸಿ ಕೊಡುವ ಫೈಟೋಸ್ಯಾನಿಟರಿ ಸರ್ಟಿಫಿಕೇಟ್. ಬೆಂಗಳೂರು, ಮಂಗಳೂರುಗಳಲ್ಲಿ ಈ ಕೇಂದ್ರಗಳಿವೆ. ಒಂದು ಕರಿಬೇವಿನ ಸಸಿಗೆ ಇಷ್ಟೆಲ್ಲ ಓಡಾಡುವವರು ಯಾರೂ ಇಲ್ಲ. ಓಡಾಡುವ ಅಗತ್ಯವೂ ಇಲ್ಲ, ಯಾಕೆಂದರೆ ಆ ಸಸಿ ಅಲ್ಲೇ ಸಿಗುತ್ತದೆ. ದುಬೈನ ವರ್ಸಾನ್ ಸಸಿ ಮಾರುಕಟ್ಟೆಗೆ ಹೋಗಿ ನೋಡಿ, ಕರಿಬೇವು, ನುಗ್ಗೆ, ಮಲ್ಲಿಗೆ ಎಲ್ಲವೂ ಕುಂಡದಲ್ಲಿ ಕೂತಿರುತ್ತವೆ. ಆ ಹವೆಗೆ ಒಗ್ಗಿದ ಗಿಡಗಳವು. ಊರಿನಿಂದ ಒಯ್ದ ಸಸಿಗಿಂತ ಬೇಗ ಬೇರು ಬಿಡುತ್ತವೆ.

ಹಾಗಾದರೆ ಏನು ಬೆಳೆಯಬೇಕು? ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗೋಣ. 1443ರಲ್ಲಿ ಅಬ್ದುರ್ರಝಾಕ್ ಎಂಬ ರಾಯಭಾರಿ ಹೆರಾತ್‌ನ ಸುಲ್ತಾನ್ ಶಾರುಖನ ಕಡೆಯಿಂದ ಎರಡನೆಯ ದೇವರಾಯನ ಆಸ್ಥಾನಕ್ಕೆ ಬಂದ. ಹಂಪಿಯಲ್ಲಿ ಅಹ್ಮದ್ ಖಾನ್ ಎಂಬ ಅಧಿಕಾರಿ ಮಸೀದಿ ಕಟ್ಟಿಸಿ ಆಗ ನಾಲ್ಕು ವರ್ಷವಾಗಿತ್ತು. ಅಬ್ದುರ್ರಝಾಕ್ ಹೊರ್ಮುಝಿನಲ್ಲಿ ಹಡಗು ಹತ್ತಿ, ಮಸ್ಕತ್ ಕಡೆಯಲ್ಲಿ ಸಿಕ್ಕಿಕೊಂಡು, ಅಲ್ಲಿನ ಬೇಸಿಗೆಯ ಝಳಕ್ಕೆ ಕಾಯಿಲೆ ಬಿದ್ದು, ಕೊನೆಗೆ ಕಲ್ಲಿಕೋಟೆಯ ಮೂಲಕ ಹಂಪಿ ಸೇರಿದ್ದ. ಇಲ್ಲಿನ ಕೋಟೆಯ ಸುತ್ತುಗಳ ನಡುವೆ ಹೊಲ, ಮನೆ, ತೋಟಗಳನ್ನು ಕಂಡ. ಬೀದಿ ಬೀದಿಯಲ್ಲಿ ಮಾರುತ್ತಿದ್ದ ಗುಲಾಬಿಯನ್ನು ನೋಡಿ, ಈ ಜನರಿಗೆ ಊಟದಷ್ಟೇ ಹೂವೂ ಬೇಕೆಂದು ಬೆರಗುಪಟ್ಟ. ವೀಳ್ಯದೆಲೆಯ ಬಗ್ಗೆ ಉದ್ದಕ್ಕೆ ಬರೆದ. ಮುಂದೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಡೊಮಿಂಗೊ ಪಾಯಸ್ ಇಲ್ಲಿನ ಮಾವು, ಹಲಸು, ಅಡಿಕೆ, ನಿಂಬೆ, ಕಿತ್ತಳೆಗಳ ದಟ್ಟ ತೋಪುಗಳ ನಡುವೆ ಬಿಳಿ ದ್ರಾಕ್ಷಿಯನ್ನೂ ಕಂಡು ಬರೆದಿಟ್ಟಿದ್ದಾನೆ.

ದ್ರಾಕ್ಷಿ, ಅಂಜೂರ, ದಾಳಿಂಬೆ ಇವೆಲ್ಲ ಮೂಲದಲ್ಲಿ ಪಶ್ಚಿಮ ಏಷ್ಯಾ ಕಡೆಯ ಗಿಡಗಳು. ಬಹಳ ಹಿಂದೆಯೇ ಇತ್ತ ಬಂದು ನಮ್ಮವೇ ಆಗಿಬಿಟ್ಟಿವೆ. ನಮ್ಮ ಬಳ್ಳಾರಿ ಸೀಮೆಯ ಅಂಜೂರಕ್ಕೆ ಹೆಸರಿದೆ, ಪಕ್ಕದ ಕೊಪ್ಪಳ ದಾಳಿಂಬೆ ಬೆಳೆಯುತ್ತದೆ. ಕೊಲ್ಲಿಯಲ್ಲಿರುವ ನಮ್ಮವರು ಇವನ್ನು ಬೆಳೆಸಿದರೆ ಊರಿನ ಹಣ್ಣೂ ಆಯಿತು, ಆ ನೆಲಕ್ಕೆ ಒಗ್ಗಿದ್ದೂ ಆಯಿತು. ಇದು ಎಷ್ಟೋ ಜನರಿಗೆ ಹೊಳೆಯುವುದಿಲ್ಲ. ಬಾಳೆ, ವೀಳ್ಯದೆಲೆಯಂಥ ತಂಪು ಬೇಡುವ ಗಿಡಗಳ ಹಿಂದೆ ಬಿದ್ದು, ಒಂದು ಬೇಸಿಗೆಗೆ ಒಣಗಿದಾಗ ನಮ್ಮ ಕೈಗೆ ಗಿಡ ಹತ್ತುವುದಿಲ್ಲ ಎಂದು ಬಿಟ್ಟುಬಿಡುತ್ತಾರೆ.

ಅಂಜೂರವನ್ನು ನಾವು ಮೊದಲು ಹೇಳುವುದು ಪವಿತ್ರ ಕುರ್‌ಆನಿನಲ್ಲಿ ಅದರ ಹೆಸರಿನ ಅಧ್ಯಾಯವೇ ಇದೆ ಎಂಬ ಕಾರಣಕ್ಕಷ್ಟೇ ಅಲ್ಲ. ಕುಂಡದಲ್ಲಿ ಅದರಷ್ಟು ಸುಲಭಕ್ಕೆ ಫಲ ಕೊಡುವ ಹಣ್ಣಿನ ಗಿಡ ಕಡಿಮೆ. ಅಲ್ಲಿನ ಪರಿಚಯದವರ ಮನೆಯ ಒಳ್ಳೆಯ ಗಿಡದಿಂದ ಚಳಿಗಾಲದಲ್ಲಿ ಪೆನ್ಸಿಲ್ ದಪ್ಪದ, ಮೂರು ನಾಲ್ಕು ಗಿಣ್ಣಿರುವ ಕಡ್ಡಿ ಕೇಳಿ ತನ್ನಿ. ಎರಡು ಗಿಣ್ಣು ಒಳಗೆ ಹೋಗುವಂತೆ ಹಸಿ ಕೋಕೋಪೀಟಿನಲ್ಲಿ ನೆಟ್ಟು ನೆರಳಲ್ಲಿಡಿ. ಒಂದೂವರೆ ತಿಂಗಳಿನೊಳಗೆ ಬೇರು ಬರುತ್ತದೆ. ಆಮೇಲೆ 40 ಲೀಟರಿನ ಕುಂಡಕ್ಕೆ ಹಾಕಿದರೆ ಸಾಮಾನ್ಯವಾಗಿ ಎರಡನೆಯ ವರ್ಷಕ್ಕೆ ಕಾಯಿ. ಮನೆಗಳಲ್ಲಿ ಬೆಳೆಸುವ ಸಾಮಾನ್ಯ ಅಂಜೂರಕ್ಕೆ ಗಂಡು ಗಿಡವಾಗಲಿ ಪರಾಗಸ್ಪರ್ಶಕ್ಕೆ ಕಣಜವಾಗಲಿ ಬೇಕಿಲ್ಲ, ಒಂಟಿ ಗಿಡವೇ ಕಾಯಿ ಬಿಡುತ್ತದೆ. ವರ್ಷಕ್ಕೊಮ್ಮೆ ಕೊಂಬೆ ಸವರಿ, ಹಕ್ಕಿಗಳಿಗೂ ಎರಡು ಹಣ್ಣು ಬಿಡಿ. ದಾಳಿಂಬೆಯೂ ಹೀಗೇ ಕಡ್ಡಿಯಿಂದ ಬರುತ್ತದೆ. ನೀರು ಒಂದು ದಿನ ಹೆಚ್ಚು, ಮೂರು ದಿನ ಇಲ್ಲ ಎಂದಾದರೆ ಮಾತ್ರ ಅದರ ಕಾಯಿ ಬಿರಿಯುತ್ತದೆ.

ಖರ್ಜೂರದ ಬೀಜ ಊರಿ ಕಾಯುವವರೂ ಇದ್ದಾರೆ. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಹುಟ್ಟಿದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು, ಅದೂ ಹೂ ಬಿಡುವವರೆಗೆ ಗೊತ್ತಾಗುವುದಿಲ್ಲ. ಹೆಣ್ಣಾದರೂ ನೀವು ತಿಂದ ಹಣ್ಣಿನ ರುಚಿ ಬರುವುದಿಲ್ಲ. ಬಾಲ್ಕನಿಗೆ ಅದು ಬೇಡ.

ಸೊಪ್ಪು ತರಕಾರಿಗೆ ಅಂಗಡಿಯ ದಾರಿಯೇ ಸಾಕು. ಅಡುಗೆಗೆ ತಂದ ಮೆಂತ್ಯವೂ ಕೊತ್ತಂಬರಿ ಕಾಳೂ ಮೊಳೆಯುತ್ತವೆ. ಕೊತ್ತಂಬರಿಯನ್ನು ಮಾತ್ರ ಲಟ್ಟಣಿಗೆಯಿಂದ ಮೆಲ್ಲಗೆ ಎರಡು ಹೋಳು ಮಾಡಿ ಬಿತ್ತಬೇಕು. ಪುದೀನ, ಬಸಳೆಯ ಕಟ್ಟು ತಂದರೆ ಎಲೆ ಬಿಡಿಸಿಕೊಂಡು ದಂಟನ್ನು ನೆಡಿ. ಪುಂಡಿಪಲ್ಯದ ದಂಟೂ ಬೇರು ಬಿಡುತ್ತದೆ. ಪುಂಡಿಯ ಬಳಗದ ಗಿಡ ಅರಬರಿಗೂ ಗೊತ್ತು, ಈಜಿಪ್ಟ್ ಮತ್ತು ಸುಡಾನಿನವರು ಕುಡಿಯುವ ಕೆಂಪು ಕರ್ಕದೆ ಅದರದ್ದೇ. ನುಗ್ಗೆಗೂ ಅಲ್ಲಿ ಒಬ್ಬ ಅಕ್ಕನಿದ್ದಾಳೆ. ಓಮನ್ ಮತ್ತು ಸೌದಿಯ ಬೆಟ್ಟಗಳಲ್ಲಿ ನುಗ್ಗೆಯ ಇನ್ನೊಂದು ಜಾತಿ ತಾನಾಗಿಯೇ ಬೆಳೆಯುತ್ತದೆ. ಹಡಗಲಿಯ ಮಲ್ಲಿಗೆಯನ್ನು ನೆನೆಯುವ ಹೆಣ್ಣುಮಕ್ಕಳಿಗೆ ಅಲ್ಲಿ ದುಂಡು ಮಲ್ಲಿಗೆ ಸಿಗುತ್ತದೆ, ಫುಲ್ ಎಂದು ಕೇಳಬೇಕು. ಸೌದಿಯ ಜಾಝಾನ್ ಸೀಮೆಯಲ್ಲಂತೂ ಅದರ ಮಾಲೆ ನಮ್ಮಲ್ಲಿಯಷ್ಟೇ ಪ್ರಸಿದ್ಧ. ನಮ್ಮ ಕಡೆಯಿಂದ ಹೋಗಿ ಅಲ್ಲಿ ಒಳ್ಳೆಯದನ್ನೇ ಮಾಡಿದ ಮರವೂ ಒಂದಿದೆ. ಹಜ್‌ಗೆ ಹೋದವರು ಅರಫಾತ್ ಮೈದಾನದಲ್ಲಿ ಸಾವಿರಾರು ಬೇವಿನ ಮರಗಳ ನೆರಳನ್ನು ಕಂಡಿರುತ್ತಾರೆ. ಅದು ಸರ್ಕಾರದ ಮಟ್ಟದಲ್ಲಿ ಯೋಜಿಸಿ ನೆಟ್ಟದ್ದು, ಸೂಟ್‌ಕೇಸಿನಲ್ಲಿ ಹೋದದ್ದಲ್ಲ.

ಗಿಡ ಯಾವುದಾದರೂ ಕೊಲ್ಲಿಯಲ್ಲಿ ಕಾಲದ ಲೆಕ್ಕ ಬೇರೆ. ನಮ್ಮಲ್ಲಿ ಮುಂಗಾರಿಗೆ ಬಿತ್ತುತ್ತೇವೆ. ಅಲ್ಲಿ ಜೂನ್, ಜುಲೈ ಎಂದರೆ 45 ಡಿಗ್ರಿ ದಾಟುವ ದಿನಗಳು. ಅಲ್ಲಿನ ಬಿತ್ತನೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್, ಫಸಲು ಏಪ್ರಿಲ್‌ವರೆಗೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಸೊಪ್ಪುಗಳೆಲ್ಲ ಈ ಆರೇಳು ತಿಂಗಳಿನವು. ಬೇಸಿಗೆಗೆ ಬೆಂಡೆ, ಚವಳಿಕಾಯಿ, ಬಸಳೆ, ಪುಂಡಿಯಂಥ ಗಟ್ಟಿ ಜೀವಗಳು ಮಾತ್ರ, ಅದೂ ಹಸಿರು ಬಲೆಯ ನೆರಳಿನಲ್ಲಿ. ಪಶ್ಚಿಮಕ್ಕೆ ಮುಖ ಮಾಡಿದ ಬಾಲ್ಕನಿಯಾದರೆ ಬೇಸಿಗೆಯಲ್ಲಿ ಹೊಸದೇನೂ ನೆಡದಿರುವುದೇ ಒಳ್ಳೆಯದು.

ಅಲ್ಲಿ ಗಿಡಗಳು ಸಾಯುವುದು ನೀರಿಲ್ಲದೆ ಎಂದು ನಾವಂದುಕೊಳ್ಳುತ್ತೇವೆ. ನೀರು ಹಾಕಿಯೂ ಕೊಲ್ಲಬಹುದು. ಟ್ಯಾಂಕು ಕಟ್ಟಡದ ತಾರಸಿಯಲ್ಲಿ ಕಾದು, ಬೇಸಿಗೆಯ ಹಗಲಿನಲ್ಲಿ ನಲ್ಲಿಯಲ್ಲಿ ಬರುವುದು ಕೈ ಸುಡುವ ನೀರು. ಅದನ್ನೇ ನೇರವಾಗಿ ಬುಡಕ್ಕೆ ಬಿಟ್ಟರೆ ಬೇರು ಬೆಂದುಹೋಗುತ್ತದೆ. ರಾತ್ರಿ ಬಕೆಟ್ ತುಂಬಿಟ್ಟು ಫಜ್ರ್ ನಮಾಝ್ ಮುಗಿಸಿ ಹಾಕಿದರೆ ಸರಿ. ವುಝೂ ಮಾಡುವಾಗ ಕೆಳಗೊಂದು ಬೋಗುಣಿ ಇಟ್ಟುಕೊಂಡರೆ ಒಂದೆರಡು ಕುಂಡಕ್ಕೆ ಅದೇ ಸಾಕು, ಸೋಪು ಬೆರೆಯದ ನೀರಾದ್ದರಿಂದ ಗಿಡಕ್ಕೆ ತೊಂದರೆಯಿಲ್ಲ. ಕೊಲ್ಲಿಯ ನಗರಗಳಲ್ಲಿ ನಲ್ಲಿಯ ನೀರೆಂದರೆ ಬಹುಪಾಲು ಸಮುದ್ರದ ನೀರಿನಿಂದ ಅಪಾರ ಇಂಧನ ಸುಟ್ಟು ಉಪ್ಪು ತೆಗೆದದ್ದು. ತುಂಗಭದ್ರೆಯ ದಂಡೆಯಲ್ಲಿ ಬೆಳೆದ ನಮಗೆ ಅದರ ಬೆಲೆ ಬೇಗ ಮನಸ್ಸಿಗೆ ಇಳಿಯುವುದಿಲ್ಲ. ಕುಂಡದ ಮೇಲ್ಮೈಗೆ ಎರಡಂಗುಲ ಒಣ ಎಲೆಯೋ ತೆಂಗಿನ ನಾರೋ ಹಾಸಿದರೆ ತೇವ ಹೆಚ್ಚು ಹೊತ್ತು ನಿಲ್ಲುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡ ಬೇಡ, ಬಿಸಿಲಿಗೆ ಕಾದು ಒಲೆಯಾಗುತ್ತದೆ. ಬಿಳಿಯದು ತನ್ನಿ, ಇಲ್ಲವೇ ಒಂದು ಕುಂಡದೊಳಗೆ ಇನ್ನೊಂದನ್ನು ಇಡಿ. ಮಣ್ಣಿನ ಮೇಲೆ ಬೆಳ್ಳಗೆ ಉಪ್ಪಿನ ಪೊರೆ ಕಂಡರೆ ತಿಂಗಳಿಗೊಮ್ಮೆ ತಳದಿಂದ ಹರಿದು ಹೋಗುವಷ್ಟು ನೀರು ಹಾಕಿ ತೊಳೆಯಬೇಕು. ಅಲ್ಲಿನ ಬರಿಯ ಮರಳಿನಲ್ಲಿ ಸಾರವಿಲ್ಲ. ಕೋಕೋಪೀಟ್, ಕಾಂಪೋಸ್ಟ್, ಸ್ವಲ್ಪ ಮರಳು ಸೇರಿಸಿ ಕಲಸಿಕೊಳ್ಳಿ. ಹಿಟ್ಟುತಿಗಣೆ ಬಂದರೆ ಬೇವಿನ ಎಣ್ಣೆಗೆ ಎರಡು ಹನಿ ಸೋಪು ಬೆರೆಸಿ ಸಂಜೆ ಸಿಂಪಡಿಸಿ.

ಆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ಕೆಳಗಿನ ಮನೆಯವರು ಒಣಹಾಕಿದ ಬಟ್ಟೆಯ ಮೇಲೆ ಕೆಸರಿನ ಹನಿ ಬಿದ್ದರೆ, ನಾವು ನೆಟ್ಟ ಗಿಡದಿಂದಲೇ ನೆರೆಯವರಿಗೆ ತೊಂದರೆಯಾಯಿತು. ಪ್ರತಿ ಕುಂಡದಡಿ ಆಳವಾದ ತಟ್ಟೆಯಿರಲಿ, ಅದರ ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿ. ಇಲ್ಲದಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ತೂಕವನ್ನೂ ಮರೆಯಬಾರದು. 50 ಲೀಟರಿನ ಕುಂಡಕ್ಕೆ ಮಣ್ಣು ತುಂಬಿ ನೀರು ಹಾಕಿದರೆ 60, 70 ಕೆ.ಜಿ. ಆಗುತ್ತದೆ. ಅಂಥದ್ದನ್ನು ಹತ್ತು ಸಾಲಾಗಿಟ್ಟರೆ ಬಾಡಿಗೆ ಮನೆಯ ಬಾಲ್ಕನಿಗೆ ಭಾರ. ಕಟಕಟೆಯ ಮೇಲಂತೂ ಯಾವ ಕುಂಡವನ್ನೂ ಇಡಬೇಡಿ. ಗಾಳಿಗೆ ಬಿದ್ದರೆ ಕೆಳಗೆ ಮನುಷ್ಯರಿದ್ದಾರೆ. ಕಟ್ಟಡದ ನಿಯಮ ಏನೆಂದು ಮೊದಲೇ ಕೇಳಿಕೊಂಡರೆ ಬೆಳೆದ ಗಿಡವನ್ನು ಕಿತ್ತೆಸೆಯುವ ಪ್ರಸಂಗ ಬರುವುದಿಲ್ಲ.

ಚಳಿ ದೇಶಗಳಲ್ಲಿರುವವರಿಗೆ ಇದರಲ್ಲಿ ಅರ್ಧ ಮಾತ್ರ ಅನ್ವಯಿಸುತ್ತದೆ. ಅಲ್ಲಿ ಬಿಸಿಲೇ ಅಪರೂಪ. ಅಂಜೂರ ಅಲ್ಲೂ ಕುಂಡದಲ್ಲಿ ಬದುಕುತ್ತದೆ. ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಹೋದಾಗ ಹಿಮ ಬೀಳದ ಮೂಲೆಯಲ್ಲಿಟ್ಟರೆ ಸಾಕು. ಕರಿಬೇವನ್ನು ಮನೆಯೊಳಗೆ ಬೆಳಕಿನ ಕಿಟಕಿಗೆ ತಂದಿಡಬೇಕು. ಎಲೆ ಉದುರಿತೆಂದು ಗಾಬರಿಯಾಗಿ ನೀರು ಸುರಿಯಬಾರದು, ಚಳಿಯಲ್ಲಿ ಅದಕ್ಕೆ ನೀರು ಬಹಳ ಕಡಿಮೆ ಸಾಕು. ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಹೋಗುವವರು ಇಷ್ಟು ನೆನಪಿಡಿ: ಪ್ರಮಾಣಪತ್ರವಿಲ್ಲದೆ ಕೈಯಲ್ಲಿ ಒಯ್ಯಬಹುದಾದ ಹಣ್ಣುಗಳು ಐದೇ. ಬಾಳೆ, ತೆಂಗು, ಖರ್ಜೂರ, ಅನಾನಸ್ ಮತ್ತು ಡ್ಯೂರಿಯನ್. ಮಾವು ಅದರಲ್ಲಿಲ್ಲ. ಹಣ್ಣುನೊಣ ಕಂಡಿತೆಂದು 2014ರಲ್ಲಿ ಆ ಒಕ್ಕೂಟ ಭಾರತದ ಮಾವನ್ನೇ ಕೆಲವು ತಿಂಗಳು ನಿಷೇಧಿಸಿತ್ತು, ಮರುವರ್ಷ ತೆರವಾಯಿತು. ದೊಡ್ಡ ರಫ್ತುದಾರರೇ ಆಗ ಕೈಕಟ್ಟಿ ಕೂರಬೇಕಾಗಿತ್ತು.

ಹಿಂತಿರುಗಿ ಬರುವವರಿಗೂ ಇದೇ ನಿಯಮ. ಮದೀನಾದಿಂದ ಖರ್ಜೂರದ ಹಣ್ಣು ತನ್ನಿ, ಹಂಚಿ. ಮರಿಗಿಡ ತರಬೇಡಿ. 2003ರ ಸಸ್ಯ ಸಂಗರೋಧ ಆದೇಶದಂತೆ ಪರವಾನಗಿಯಿಲ್ಲದೆ ಗಿಡ ತರುವಂತಿಲ್ಲ. ಆಲಿವ್ ಸಸಿಯ ಆಸೆಯನ್ನೂ ಬಿಡುವುದು ಒಳ್ಳೆಯದು. ಚೆನ್ನಾಗಿ ಹೂ ಬಿಡಲು ಅದಕ್ಕೆ ಬೇಕಾದಷ್ಟು ಚಳಿ ಹೊಸಪೇಟೆಯಲ್ಲಿಲ್ಲ.

ಊರಿನಲ್ಲಿ ಉಳಿದ ಹಿರಿಯರಿಗೂ ಇದರಲ್ಲೊಂದು ಪಾಲಿದೆ. ಸಸಿ ಕಟ್ಟಿಕೊಡುವ ಬದಲು ಕೈಗುಣವನ್ನು ಕಟ್ಟಿಕೊಡಿ. ಸೊಪ್ಪಿಗೆ ಯಾವಾಗ ಗೊಬ್ಬರ, ಮಲ್ಲಿಗೆಯನ್ನು ಎಲ್ಲಿಗೆ ಕತ್ತರಿಸಬೇಕು, ಯಾವ ಹುಳು ಒಳ್ಳೆಯದು, ಯಾವುದು ಕೆಟ್ಟದ್ದು ಎಂಬುದು ನಿಮಗೆ ಗೊತ್ತು, ಅಲ್ಲಿ ಹುಟ್ಟಿ ಬೆಳೆಯುವ ಮೊಮ್ಮಕ್ಕಳಿಗೆ ಗೊತ್ತಿಲ್ಲ. ವಾರಕ್ಕೊಮ್ಮೆ ವೀಡಿಯೊ ಕರೆಯಲ್ಲಿ ಮುಖ ತೋರಿಸಿ ಕುಶಲ ಕೇಳಿದ ಮೇಲೆ ಮಾತು ಮುಗಿದುಹೋಗುತ್ತದೆ. ಮೊಮ್ಮಗಳು ಒಂದು ಕುಂಡವನ್ನು ಕ್ಯಾಮೆರಾದ ಮುಂದೆ ಹಿಡಿದು ಎಲೆ ಯಾಕೆ ಮುದುರಿದೆ ದಾದಿ ಎಂದು ಕೇಳಿದರೆ ಇನ್ನೂ ಅರ್ಧ ಗಂಟೆ ಮಾತಿರುತ್ತದೆ.

ಈ ಬೇಸಿಗೆ ರಜೆ ಮುಗಿಸಿ ಆಗಸ್ಟ್ ಕೊನೆಗೆ ಕೊಲ್ಲಿಗೆ ಮರಳುವವರಿಗೆ ಕಾಲ ಸರಿಯಾಗಿಯೇ ಇದೆ. ಹೋದ ಮೊದಲ ವಾರದಲ್ಲಿ ಬಾಲ್ಕನಿಗೆ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಎಂದು ನೋಡಿ ಬರೆದಿಟ್ಟುಕೊಳ್ಳಿ. ಸೆಪ್ಟೆಂಬರಿನಲ್ಲಿ ಕುಂಡ, ಕೋಕೋಪೀಟ್, ಕಾಂಪೋಸ್ಟ್ ತಂದು ಕಲಸಿ, ನೀರು ಹಾಕಿ ಎರಡು ವಾರ ಹಾಗೇ ಬಿಡಿ. ಸಂಜೆಯ ಗಾಳಿ ತಂಪಾಗತೊಡಗಿದ ಮೇಲೆ ಮೊದಲು ಮೆಂತ್ಯ ಬಿತ್ತಿ. ನಾಲ್ಕೈದು ದಿನದಲ್ಲಿ ಮೊಳೆಯುತ್ತದೆ, ಮೂರ್ನಾಲ್ಕು ವಾರದಲ್ಲಿ ಪಲ್ಯಕ್ಕೆ ಬರುತ್ತದೆ. ಅಂಜೂರದ ಕಡ್ಡಿಯನ್ನು ಜನವರಿಯಲ್ಲಿ ಕೇಳಿದರಾಯಿತು.